ಅಪ್ಪನ ತಪಾಸಣೆ, ನನ್ನ ಕಪ್ಪುಕುಳಿಗಳು

ನನ್ನ ಪಿಎಚ್‌ಡಿ ಪ್ರಬಂಧ ಇನ್ನೂ ಬೈಂಡಿಂಗ್ ಅಂಗಡಿಯಲ್ಲಿತ್ತು, ಅಷ್ಟರಲ್ಲೇ ಅಪ್ಪ ಓಣಿಗೆಲ್ಲ ಪೇಢೆ ಹಂಚಿ ಬಂದಿದ್ದರು. ಮಗಳು ಕಪ್ಪುಕುಳಿ ಕಂಡುಹಿಡಿದಿದ್ದಾಳೆ ಎಂದು ಸಾರಿದ್ದರಂತೆ. ತಪ್ಪು ಅವರದಲ್ಲ. ಆರು ವರ್ಷ, ಏನು ಮಾಡುತ್ತೀ ಎಂದು ಅವರು ಕೇಳಿದಾಗಲೆಲ್ಲ ಕಪ್ಪುಕುಳಿ ಕಪ್ಪುಕುಳಿ ಎಂದವಳು ನಾನೇ.

ನಿಜ ಸಂಗತಿ ಬೇರೆ. ಬ್ರಹ್ಮಾಂಡ ಹುಟ್ಟಿದ ಗಳಿಗೆಯಲ್ಲೇ ಕೆಲವು ಕಪ್ಪುಕುಳಿಗಳು ಉಂಟಾಗಿರಬಹುದು ಅನ್ನುತ್ತಾರೆ. ಆಗಿದ್ದರೆ, ಅವು ಎಳೆದುಕೊಂಡ ಅನಿಲ ಕಾದು ಬೆಳಕು ಚೆಲ್ಲಬೇಕು. ಆದಿಕಾಲದಿಂದ ಇಂದಿಗೂ ಆಕಾಶದ ತುಂಬ ಹರಡಿರುವ ಮಂದ ವಿಕಿರಣದಲ್ಲಿ ಅದರ ಗುರುತು ಉಳಿಯಬೇಕು. ನಾನು ಹುಡುಕಿದ್ದು ಆ ಗುರುತನ್ನು. ಸಿಗಲಿಲ್ಲ. ಇದ್ದರೂ ಇಷ್ಟಕ್ಕಿಂತ ಹೆಚ್ಚು ಇರಲಾರವು ಎಂದು ಒಂದು ಮಿತಿ ಬರೆದು ಮುಗಿಸಿದ್ದೆ.

ಭಾನುವಾರ ಅಕ್ಕಲಕೋಟದಿಂದ ಸೋದರತ್ತೆ ಬರುವವರಿದ್ದರು. ಅವರ ನಾಲಿಗೆ ನನಗೆ ಗೊತ್ತು. ಅವರೆದುರು ಅಪ್ಪ ತಲೆ ತಗ್ಗಿಸುವುದನ್ನು ನಾನು ನೋಡಲಾರೆ. ಶನಿವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಹೇಳಿಯೇಬಿಟ್ಟೆ.

“ಅಪ್ಪಾ, ಒಂದೂ ಸಿಕ್ಕಿಲ್ರಿ.”

ಅಪ್ಪ ಚಹಾದ ಬಶಿ ಕೆಳಗಿಟ್ಟರು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚಾದರ ತಪಾಸಣೆ ಮಾಡಿದವರು ಅವರು. ಚಾದರವನ್ನು ಬೆಳಕಿಗೆ ಹಿಡಿದು, ಅಂಗೈ ಆಡಿಸಿ, ತಪ್ಪಿದ ಎಳೆ ಹುಡುಕುವುದು. ಸಿಗದಿದ್ದರೆ ಮಾಲು ಸರಿ ಇದೆ ಎಂಬ ಚೀಟಿಗೆ ಸಹಿ ಮಾಡುವುದು. ಈಗಲೂ ಯಾರ ಮನೆಗೆ ಹೋದರೂ ಮೊದಲು ಅವರ ಹಾಸಿಗೆಯ ಚಾದರ ಸವರಿ ನೋಡಿ ನಮ್ಮ ಮಾನ ಕಳೆಯುತ್ತಾರೆ.

ಪೂರಾ ನೋಡಿದೆಯಾ ಎಂದು ಕೇಳಿದರು. ಆಕಾಶದ ನಕ್ಷೆ ಪೂರ್ತಿ, ಮೂರು ಸಲ ಎಂದೆ. ಬಶಿ ಎತ್ತಿಕೊಂಡು ಚಹಾ ಮುಗಿಸಿದರು. ಸಂಜೆ ಪ್ರಬಂಧ ಮನೆಗೆ ತಂದಾಗ, ನಿನ್ನ ಸಹಿ ಎಲ್ಲಿದೆ ಎಂದಷ್ಟೇ ಕೇಳಿದರು. ಇದು ನನ್ನದೇ ಕೆಲಸ ಎಂಬ ಘೋಷಣೆಯ ಕೆಳಗಿತ್ತು, ತೋರಿಸಿದೆ.

ಮರುದಿನ ಅತ್ತೆ ಚಪ್ಪಲಿ ಬಿಡುತ್ತಲೇ, ನಿನ್ನ ಮಗಳಿಗೆ ಏನು ಸಿಕ್ಕಿತಪ್ಪಾ ಎಂದು ಶುರು ಮಾಡಿದರು. ನಾನು ಅಡುಗೆಮನೆಯ ಕಡೆ ಜಾರಿಕೊಳ್ಳಲು ನೋಡಿದೆ. ಅಪ್ಪ ಬಿಡಲಿಲ್ಲ, ನಿಲ್ಲು ಎಂದರು. ಪ್ರಬಂಧ ತಂದು, ನನ್ನ ಸಹಿ ಇದ್ದ ಪುಟ ತೆರೆದು ಅತ್ತೆಯ ತೊಡೆಯ ಮೇಲಿಟ್ಟರು.

“ಏನೂ ಸಿಕ್ಕಿಲ್ಲಕ್ಕಾ,” ಎಂದರು. “ಮೂರ ಸಲ ನೋಡಿ ಸಹಿ ಮಾಡ್ಯಾಳ. ಮೂವತ್ತ ವರ್ಷ ನಾ ಒಂದ ಸಲ ನೋಡಿ ಮಾಡ್ತಿದ್ನಿ.”