ಕುಲಾವಿ ಒಯ್ದ ಹಕ್ಕಿ

ಇಂಗ್ಲಿಷರ ನಾಡಿನ ಫೆಲ್ಥಮ್‌ನಲ್ಲಿದ್ದ ನಮ್ಮ ಮನೆಯ ನೆತ್ತಿಯ ಮೇಲೆ ದಿನವಿಡೀ ವಿಮಾನಗಳು ಹಾರುತ್ತಿದ್ದವು. ಏರ್‌ಪೋರ್ಟಿನಲ್ಲೇ ದುಡಿಯುತ್ತಿದ್ದ ನನ್ನ ಗಂಡನಿಗೆ ಆಕಾಶದಲ್ಲಿ ಅವು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೀಗಾಗಿ ಆ ಹಕ್ಕಿಯನ್ನು ಮೊದಲು ಕಂಡವರು, ನನ್ನ ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅತ್ತೆ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು, ಏಪ್ರಿಲ್ ತಿಂಗಳು. ಕೆಂಗಂದು ಮೈ, ಬಿಳಿಚಿಕೊಂಡ ತಲೆ, ನಮ್ಮ ಚಿಮ್ನಿಯ ಮೇಲೆ ಕೂತಿತ್ತು.

"ಗರುಡ ಬಂದಾನ, ಕೈ ಮುಗಿ," ಅಂದರು.

ಮುಗಿದೆ. ನನಗಾಗ ಆರು ತಿಂಗಳು. ಹಿಂದೆ ಎರಡು ಸಲ ಐದನೇ ತಿಂಗಳಿಗೇ ಕಳೆದುಕೊಂಡವಳು ನಾನು. ದೇವರ ವಾಹನವೇ ಮನೆಗೆ ಬಂದರೆ ಬೇಡ ಅನ್ನಲಾದೀತೇ?

ಆದರೆ ನನ್ನದು ಸುಮ್ಮನಿರದ ಬುದ್ಧಿ. ಲೈಬ್ರರಿಯಿಂದ ಹಕ್ಕಿಗಳ ಪುಸ್ತಕ ತಂದು ನೋಡಿದೆ. ಗರುಡನ ಬಾಲ ದುಂಡಗೆ, ಇದರದ್ದು ಕತ್ತರಿಯಂತೆ ಸೀಳಿತ್ತು. ಗರುಡನೂ ಅಲ್ಲ, ಗಿರುಡನೂ ಅಲ್ಲ, ಹದ್ದು! ಮಾಡಿನ ಮೇಲೆ ಹದ್ದು ಕೂತರೆ ನಮ್ಮ ಕಡೆ ಬೀಗ ಹಾಕಿ ಮನೆಯನ್ನೇ ಬಿಡುತ್ತಾರೆ. ಈ ಬಸುರಿ ಹೊಟ್ಟೆ ಹೊತ್ತು ಎಲ್ಲಿಗೆ ಹೋಗಲಿ? ಅತ್ತೆ ಗಾಬರಿಯಾಗುತ್ತಾರೆಂದು ಬಾಯಿ ಮುಚ್ಚಿಕೊಂಡೆ.

ಅದು ದಿನಾ ಬೆಳಿಗ್ಗೆ ಬಂದು ಹಿತ್ತಲಿನ ಬೇಲಿಯ ಮೇಲೆ ಕೂರತೊಡಗಿತು. ವಿಮಾನದ ಸದ್ದಿಗೆ ಕಿಟಕಿ ಗಾಜು ಅದುರಿದರೂ ಕತ್ತು ತಿರುಗಿಸುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯನ್ನೇ, ಅಂದರೆ ನನ್ನನ್ನೇ ನೋಡುತ್ತಿತ್ತು. ಒಂದು ದಿನ ಬಟ್ಟೆ ಒಣಹಾಕುವ ತಂತಿಯ ಮೇಲಿಂದ ಗಂಡನ ಕಾಲುಚೀಲ ಹೋಯಿತು, ಇನ್ನೊಂದು ದಿನ ಕರವಸ್ತ್ರ. ಗಾಳಿ ಕಣೇ ಅಂತ ಅವನು ನಕ್ಕ. ನನಗೆ ಮಾತ್ರ ಕಿಟಕಿಯ ಹತ್ತಿರ ಹೊಟ್ಟೆಯ ಮೇಲೆ ಕೈ ಇಡುವುದಕ್ಕೂ ಭಯ.

ಹೆರಿಗೆಗೆ ಮೊದಲು ಮಗುವಿಗೆಂದು ಒಂದು ದಾರವನ್ನೂ ಸೂಜಿಗೆ ಪೋಣಿಸಬಾರದು ಅನ್ನುವುದು ಅತ್ತೆಯ ಕಟ್ಟಪ್ಪಣೆ. ಸೌತ್‌ಹಾಲ್‌ನಲ್ಲಿ ನಾನು ಆಸೆಪಟ್ಟು ಕೊಂಡ ಪುಟ್ಟ ಅಂಗಿಯನ್ನು ವಾಪಸ್ ಕೊಡಿಸಿದ್ದರು. ಅಂಥವರಿರುವ ಮನೆಯ ತಂತಿಯ ಮೇಲೆ ಒಂದು ಬೆಳಿಗ್ಗೆ ಕುಲಾವಿ, ಎಳೆಗೂಸಿನ ತಲೆಗೆ ಕಟ್ಟುವ ಬಟ್ಟೆಯ ಟೊಪ್ಪಿಗೆ, ಒಂದೇ ಒಂದು ತೂಗುತ್ತಿತ್ತು. ಅತ್ತೆಯ ಹಳೇ ಸೀರೆಯದು. ಅದನ್ನು ತೆಗೆದುಬಿಡಲು ಧಾವಿಸಿದೆ. ಹಿತ್ತಲ ಬಾಗಿಲು ತೆಗೆಯುವಷ್ಟರಲ್ಲಿ ಹದ್ದು ಇಳಿಯಿತು. ರೆಕ್ಕೆಯ ಸದ್ದೇ ಇಲ್ಲ. ತಂತಿ ತೂಗಾಡುತ್ತಿತ್ತು, ಕ್ಲಿಪ್ಪು ಹುಲ್ಲಿನಲ್ಲಿ ಬಿದ್ದಿತ್ತು.

ಒಳಗೆ ಬಂದು ಅತ್ತೆಯ ಮೇಲೆ ಹರಿಹಾಯ್ದೆ. ಅದು ಗರುಡ ಅಲ್ಲ, ಹದ್ದು ಅಂತ ಅಷ್ಟು ದಿನ ನುಂಗಿದ್ದನ್ನೆಲ್ಲ ಕಾರಿದೆ. ಅವರು ಅಕ್ಕಿ ತೊಳೆಯುತ್ತಿದ್ದರು, ತಿರುಗಿ ನೋಡಲಿಲ್ಲ.

"ಮೊದಲನೇ ದಿನಾನೇ ಗೊತ್ತಿತ್ತವಾ. ನೀ ಅಂಜಬಾರದಂತ ಗರುಡ ಅಂದೆ." ನೀರು ಬಸಿದು ಕೈ ಒರೆಸಿಕೊಂಡರು. "ಏನರೆ ಒಯ್ಯಲಿಕ್ಕೇ ಬಂದಿತ್ತು. ಒಯ್ಯಲಿ ಅಂತನೇ ಹಾಕಿದ್ದೆ."

ಮಾರನೇ ದಿನ ಅದು ಬರಲಿಲ್ಲ. ಆಮೇಲೂ ಬರಲಿಲ್ಲ. ಜುಲೈನಲ್ಲಿ ಮಗಳು ಹುಟ್ಟಿದಳು, ಅವಳ ಅಳು ಕೇಳಿ ನನಗೂ ಅಳು ಬಂತು. ಆಸ್ಪತ್ರೆಯವರು ಕೊಟ್ಟ ಉಣ್ಣೆಯ ಟೋಪಿ ಹಾಕಿದರೇ ಹೊರತು ಅತ್ತೆ ಅವಳ ತಲೆಗೆ ಕುಲಾವಿ ಕಟ್ಟಲೇ ಇಲ್ಲ. ಒಂದು ಹೊಲಿಯಿರಿ ಅಂತ ನಾನೇ ಕೇಳಿದಾಗ, ಅವಳದನ್ನು ಕೊಟ್ಟಾಗಿದೆ ಅಂದರು.