ಆಷಾಢಕ್ಕೆ ಮೊದಲು ಬಿಟ್ಟ ಮನೆ

ಹುಕ್ಕೇರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ಅವ್ವ ಕೈಯಿಂದಲೇ ನೋಡುತ್ತಿದ್ದಳು. ಕಣ್ಣು ಪೂರ್ತಿ ಹೋದ ಮೇಲೂ ಗೋಡೆ ಸವರುತ್ತ ಬಚ್ಚಲಿಗೆ ಹೋಗುವಳು, ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನು ಹೆಜ್ಜೆ ಸಪ್ಪಳದಿಂದ ಗುರುತಿಸಿ ಕೆಣಕುವಳು. ನಾನು ಕೈ ಹಿಡಿಯಹೋದರೆ ಬೈಗುಳ ತಪ್ಪುತ್ತಿರಲಿಲ್ಲ.

ಮಗನ ಸಂಸಾರಕ್ಕೆ ಮನೆ ಬೇಕೆಂದು ಮಾಲಕರು ಕರಾರಿನಂತೆ ಒಂದು ತಿಂಗಳ ನೋಟಿಸು ಕೊಟ್ಟರು. ಮನೆ ಅವರದು, ತಪ್ಪೇನು? ನಾನು ಹಿಂದಿನ ಓಣಿಯಲ್ಲಿ ಒಂದು ಮನೆ ಗೊತ್ತುಮಾಡಿ, ದಿನಾ ಸಂಜೆ ಅವ್ವನನ್ನು ಕರೆದೊಯ್ದು ಅಲ್ಲಿಯ ಗೋಡೆ ಮುಟ್ಟಿಸತೊಡಗಿದೆ. ತಿಂಗಳೊಳಗೆ ಕಲಿಯುತ್ತಾಳೆಂಬ ಧೈರ್ಯವಿತ್ತು. ಬಚ್ಚಲ ದಾರಿ ಆಗಲೇ ಕೈಗೆ ಹತ್ತಿತ್ತು. ಮುಂಬಾಗಿಲ ಮೆಟ್ಟಿಲು ಮಾತ್ರ ಇನ್ನೂ ರೂಢಿಯಾಗಿರಲಿಲ್ಲ.

ಅಷ್ಟರಲ್ಲಿ ಮಾಲಕರು ಮತ್ತೆ ಬಂದರು. ತಿಂಗಳು ಮುಗಿಯುವುದು ಆಷಾಢದಲ್ಲಂತೆ.

"ಆಷಾಢದಾಗ ಹೆಣ್ಣಮಕ್ಕಳನ್ನ ಮನಿ ಬಿಡಿಸಿದ ಪಾಪ ನನಗ ಬ್ಯಾಡ್ರಿ. ಮಣ್ಣೆತ್ತಿನ ಅಮಾಸಿಗಿಂತ ಮದಲ ಹೋಗಿಬಿಡ್ರಿ."

ಆಷಾಢ ಹಿಡಿಯುವ ಮುನ್ನಿನ ಆ ಅಮಾವಾಸ್ಯೆ ಅದೇ ವಾರ ಇತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಆಷಾಢದ ಭಯವೇಕೆ ಎಂದು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. ನಾನೂ ಲಿಂಗ ಕಟ್ಟಿದವಳೇ, ಹಾಲುಕ್ಕಿಸಲು ಒಳ್ಳೆಯ ದಿನ ಕೇಳಿಕೊಂಡು ಬಂದವಳೇ. ಆದರೂ ಶ್ರಾವಣದ ತನಕ ಇರಲು ಬಿಡಿ ಎಂದು ಕೇಳಿದೆ. ಅವ್ವನೇ ನಡುವೆ ಬಾಯಿ ಹಾಕಿ, ಮಂದಿಯ ಮನೆಯಲ್ಲಿ ಮಾತು ಬೆಳೆಸಬೇಡ, ನಡಿ ಎಂದು ಗದರಿದಳು.

ಹೊಸ ಮನೆಗೆ ಹೋದ ಮರುದಿನವೇ ಕಟ್ಟೆ ಹುಡುಕುತ್ತ ಅವ್ವ ಮೆಟ್ಟಿಲು ತಪ್ಪಿ ಬಿದ್ದಳು. ಎಲುಬು ಮುರಿಯಲಿಲ್ಲ, ಶಿವನ ದಯೆ. ಆದರೆ ಅಂದಿನಿಂದ ಮಂಚ ಬಿಟ್ಟು ತಾನಾಗಿ ಏಳಲಿಲ್ಲ. ಕಲಿತಿದ್ದ ಬಚ್ಚಲ ದಾರಿಯನ್ನೂ ಮರೆತಳು. ಬೈಯುವುದನ್ನೂ ಬಿಟ್ಟಳು. ಅದೇ ನನಗೆ ಹೆಚ್ಚು ಸಂಕಟವಾಗಿತ್ತು.

ಆಷಾಢದ ನಡುವೆ ಸಂತೆಗೆ ಹೊರಟಾಗ ಹಳೆಯ ಮನೆಯ ಮುಂದೆ ಹಾಯ್ದೆ. ಬಾಗಿಲಿಗೆ ಕೀಲಿ ಹಾಕಿತ್ತು. ಕಟ್ಟೆಯ ಮೇಲೆ ನಾಯಿಯೊಂದು ಮಲಗಿತ್ತು. ನಾವು ಕಾಕೂ ಎನ್ನುವ ಬಾಜೂ ಮನೆಯ ಹೆಂಗಸನ್ನು ಕೇಳಿದರೆ, ಆಷಾಢದಲ್ಲಿ ಯಾರಾದರೂ ಹೊಸದಾಗಿ ಮನೆ ಹೊಗುತ್ತಾರೇನು, ಮಗ ಸೊಸೆ ಬರುವುದು ಶ್ರಾವಣಕ್ಕೇ ಎಂದಳು. ಆ ಮನೆಯಲ್ಲಿ ಆ ತಿಂಗಳು ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದದ್ದು ನನ್ನ ಅವ್ವನೊಬ್ಬಳಿಗೆ.

ಸಂತೆ ಮಾಡದೆ ತಿರುಗಿ ಬಂದೆ. ಚಪ್ಪಲಿ ಬಿಡುವ ಸಪ್ಪಳಕ್ಕೇ ಅವ್ವ ನಾನೆಂದು ತಿಳಿದು, ಮಾಲಕರ ಮಗ ಬಂದು ಇದ್ದಾನೇನೆಂದು ಕೇಳಿದಳು.

"ಬಂದಾನವ್ವಾ," ಎಂದೆ.

"ಛಲೋ ಆತು. ಕಟ್ಟಿಮ್ಯಾಲೆ ಯಾರರ ಕುಂದರ್ತಾರ," ಎಂದಳು. ಆಮೇಲೆ ಕೈ ಮುಂದೆ ಚಾಚಿ, ಮೆಲ್ಲಗೆ, "ಬಚ್ಚಲಕ್ಕ ಹೋಗಬೇಕಾಗೇತಿ, ಕೈ ಹಿಡಿಯವಾ," ಎಂದಳು.