ಲಿಫ್ಟಪ್ಪನ ತಕರಾರು

ದೊಡ್ಡಾಸ್ಪತ್ರೆಯ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಮೂವತ್ತೊಂದು ವರ್ಷ ಕೂತವನಿಗೆ ಲಿಫ್ಟಪ್ಪ ಎಂಬ ಹೆಸರು ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಬಂದವರ ಮುಖ ನೋಡಿಯೇ ಹೆರಿಗೆ ವಾರ್ಡಿಗೋ ಮೂಳೆ ವಾರ್ಡಿಗೋ ಎಂದು ಹೇಳಬಲ್ಲವನಾಗಿದ್ದ. ಯಾರಾದರೂ ಗಂಟುಮೂಟೆ ಹಿಡಿದು ಪಿಳಿಪಿಳಿ ಕಣ್ಣು ಬಿಡುತ್ತ ನಿಂತರೆ ಅವನ ಕೈ ತಾನಾಗಿಯೇ ಬಾಗಿಲಿಗೆ ಹೋಗುತ್ತಿತ್ತು. ನಿವೃತ್ತಿಯಾಗಿ ಆರು ವರ್ಷವಾದರೂ ಆ ಕೈಗೆ ಸುದ್ದಿ ಮುಟ್ಟಿರಲಿಲ್ಲ.

ಈಗ ಆ ಕೈಯೇ ಅವನ ಕುತ್ತಿಗೆಗೆ ಬಂದಿತ್ತು.

ಗಂಡ ಹೆಂಡತಿ ಇದ್ದದ್ದು ಹಳೆಯ ಕಟ್ಟಡದ ಕೆಳಗಿನ ಮನೆಯಲ್ಲಿ. ಅದರ ನೆತ್ತಿಯ ಮೇಲಿನ ಮನೆಯನ್ನು ಅದರ ಮಾಲೀಕ ಎರಡು ದಿನಕ್ಕೆ, ಮೂರು ದಿನಕ್ಕೆ ಎಂದು ಪ್ರವಾಸ ಬಂದವರಿಗೆ ಕೊಡತೊಡಗಿದ್ದ. ತಾನು ಮಾತ್ರ ಊರಿನ ಇನ್ನೊಂದು ತುದಿಯಲ್ಲಿ ಹಾಯಾಗಿದ್ದ. ವಾರಕ್ಕೆ ಎರಡು ಸಲ ಹೊಸ ಮುಖ. ರಾತ್ರಿಯಾದರೆ ಕುರ್ಚಿ ಎಳೆದಾಟ, ಹಾಡು, ಕುಣಿತ. ಹೆಂಡತಿಗೆ ನಾಲ್ಕು ತಿಂಗಳ ಹಿಂದೆ ಹೃದಯದ ಆಪರೇಷನ್ ಆಗಿತ್ತು. ಅರ್ಧ ಔಷಧ ಗುಳಿಗೆಯಲ್ಲಿ, ಇನ್ನರ್ಧ ನಿದ್ದೆಯಲ್ಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೇಲೆ ದಢ್ ಎಂದಾಗಲೆಲ್ಲ ಅವಳು ಎದೆ ಹಿಡಿದುಕೊಂಡು ಎದ್ದು ಕೂರುವಳು. ಲಿಫ್ಟಪ್ಪ ಮಾಲೀಕನಿಗೆ ಮೂರು ಸಲ ಕೈಮುಗಿದ. ‘ನನ್ನ ಮನೆ, ನನ್ನಿಷ್ಟ ಅಜ್ಜಾ’ ಎಂಬುದೇ ಮೂರು ಸಲವೂ ಬಂದ ಉತ್ತರ. ಕೊನೆಗೆ ದಿನಬಾಡಿಗೆ ನಿಲ್ಲಿಸಿರೆಂದು ಕೋರ್ಟಿನ ಮೆಟ್ಟಿಲು ಹತ್ತಿದ.

ಕಟಕಟೆಯಲ್ಲಿ ನಿಂತಾಗ ಮಾಲೀಕನ ವಕೀಲರು ಒಂದಿಷ್ಟು ಹಾಳೆ ತೆಗೆದರು. ಮೇಲಿನ ಮನೆಯಲ್ಲಿ ಉಳಿದು ಹೋದವರು ಅದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆದ ಮಾತುಗಳವು.

"‘ಕೆಳಗಿನ ಮನೆ ಅಜ್ಜ ಬಂಗಾರದಂಥ ಮನುಷ್ಯ. ನಮ್ಮ ಪೆಟ್ಟಿಗೆ ಹೊತ್ತು ಮೇಲೆ ತಂದುಕೊಟ್ಟ.’ ಹೀಗೇ ಹದಿನಾಲ್ಕು ಜನ ಬರೆದಿದ್ದಾರೆ ಸ್ವಾಮಿ. ಆ ಬಂಗಾರ ನೀವೇ ತಾನೆ ಯಜಮಾನ್ರೇ?"

"ಹೌದು."

"ಕೀಲಿ ಎಲ್ಲಿಟ್ಟಿದೆ ಅಂತ ತೋರಿಸಿದ್ದು?"

"ನಾನೇ. ಅವರಿಗೆ ಸಿಗ್ತಿರಲಿಲ್ಲ."

"ತೊಂದರೆ ಕೊಡೋರ ಪೆಟ್ಟಿಗೆ ಯಾರಾದ್ರೂ ಹೊರ್ತಾರಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಲಿಫ್ಟಪ್ಪ ನ್ಯಾಯಾಧೀಶರತ್ತ ತಿರುಗಿದ. "ಹಗಲು ಬರೋವಾಗ ಅವರು ದಾರಿ ಗೊತ್ತಿಲ್ಲದೋರು ಸ್ವಾಮಿ. ರಾತ್ರಿ ನಮ್ಮ ತಲೆ ಮೇಲೆ ಕುಣಿಯೋವಾಗ ಬೇರೆ ಜನ ಆಗ್ತಾರೆ," ಎಂದ. ನ್ಯಾಯಾಧೀಶರು ಏನನ್ನೋ ಬರೆದುಕೊಂಡರು. ತಡೆಯಾಜ್ಞೆಯ ವಿಷಯಕ್ಕೆ ನಾಲ್ಕು ವಾರದ ಮುಂದಿನ ದಿನಾಂಕ ಕೊಟ್ಟರು.

ಹೊರಗೆ ಬಂದ ಮೇಲೆ ಅವನ ವಕೀಲೆ, ಮಗಳ ವಯಸ್ಸಿನವಳು, ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಇನ್ನೊಬ್ಬರು ನಿಮ್ಮನ್ನ ಹೊಗಳಿ ಬರೆದ್ರೆ ನಮ್ಮ ಕೇಸು ನೀರಿಗೆ ಬಿದ್ದ ಹಾಗೆ. ಬೆಲ್ ಹೊಡೆದ್ರೂ ಬಾಗಿಲು ತೆಗೀಬೇಡಿ."

"ಕುಡಿಯೋಕೆ ನೀರು ಕೇಳಿದ್ರೆ?"

"ನೀರೂ ಇಲ್ಲ ಯಜಮಾನ್ರೇ."

ಮರುದಿನ ಮಧ್ಯಾಹ್ನ ಎರಡಕ್ಕೆ ಬೆಲ್ಲಾಯಿತು. ಅದು ಹೊಸಬರು ಬರುವ ಹೊತ್ತು. ಬಂದವರು ಮೊದಲು ಒತ್ತುವುದು ಕೆಳಗಿನ ಬೆಲ್ಲನ್ನೇ. ಲಿಫ್ಟಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಎರಡನೇ ಸಲ ಬೆಲ್ಲಾಯಿತು. ಹೊರಗೆ ಮಗುವೊಂದು ರಚ್ಚೆ ಹಿಡಿದಿತ್ತು. ಮೂರನೇ ಸಲಕ್ಕೆ ನೋಡಿದರೆ ಅವನು ಅಗುಳಿಯ ಹತ್ತಿರ ನಿಂತಿದ್ದ. ಎದ್ದು ಬಂದದ್ದೇ ಅವನಿಗೆ ತಿಳಿದಿರಲಿಲ್ಲ.

"ತೆಗೀರಿ, ತೆಗೀರಿ," ಎಂದಳು ಹೆಂಡತಿ ಮಲಗಿದಲ್ಲಿಂದಲೇ. "ಆಮೇಲೆ ನನ್ನ ಹಾಸಿಗೆ ಕೋರ್ಟಿನ ಮೆಟ್ಟಿಲ ಮೇಲೆ ಹಾಸಿಬಿಡಿ."

ಅವನು ಹಿಂದೆ ಸರಿದ. ಮಗುವಿನ ಅಳು ಮೆಲ್ಲಗೆ ಮೆಟ್ಟಿಲೇರಿ ಹೋಯಿತು. ಅವತ್ತು ಲಿಫ್ಟಪ್ಪ ಊಟದ ತಟ್ಟೆಯನ್ನು ಬದಿಗೆ ಸರಿಸಿದ. "ನನ್ನ ಕೈಯಲ್ಲಿ ಇದಾಗಲ್ಲ ಕಣೇ. ನಾಳೆಯಿಂದ ಎರಡು ಗಂಟೆಗೆ ನಾವಿಬ್ಬರೂ ಮನೇಲಿರೋದೇ ಬೇಡ," ಎಂದ.

ಹಾಗಾಗಿ, ಸುಮ್ಮನೆ ಮಲಗಲೊಂದು ಮನೆ ಬೇಕೆಂದು ಕೋರ್ಟಿಗೆ ಹೋದವರು, ಹೊಸಬರು ಯಾವ ದಿನ ಬರುತ್ತಾರೋ ಗೊತ್ತಿರದೆ, ದಿನಾ ಮಧ್ಯಾಹ್ನ ಮನೆಗೆ ಬೀಗ ಹಾಕಿ ಬೀದಿಯ ಕೊನೆಯ ಬಸ್ ನಿಲ್ದಾಣದಲ್ಲಿ ಕೂರತೊಡಗಿದರು. ಹೆಂಡತಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ತೂಕಡಿಸುವಳು. ಇವರು ಹತ್ತುತ್ತಾರೇನೋ ಎಂದು ಬಸ್ಸು ನಿಲ್ಲಿಸಿದ ಡ್ರೈವರುಗಳಿಗೆಲ್ಲ ಇವನು ಹೋಗಿ ಹೋಗಿ ಎಂದು ಕೈಬೀಸುವನು. ಒಂಬತ್ತು ದಿನ ಹೀಗೇ ಕಳೆಯಿತು.

ಹತ್ತನೆಯ ದಿನ ಒಬ್ಬ ಹುಡುಗಿ, ಜೊತೆಗೆ ಅವಳ ತಾಯಿ, ಬಸ್ಸಿಳಿದು ನೇರ ಇವರ ಮುಂದೆಯೇ ಪೆಟ್ಟಿಗೆ ನಿಲ್ಲಿಸಿದರು. ಹುಡುಗಿ ಫೋನಿನಲ್ಲಿದ್ದ ವಿಳಾಸ ತೋರಿಸಿದಳು. ಅವನದೇ ಕಟ್ಟಡ.

ಲಿಫ್ಟಪ್ಪ ಹೆಂಡತಿಯ ಮುಖ ನೋಡಿದ. ಅವಳು ಆ ತಾಯಿಯ ಊದಿದ ಪಾದಗಳನ್ನು ನೋಡುತ್ತಿದ್ದಳು. "ಹೇಳಿ. ಇದೇನು ನಮ್ಮನೆ ಬಾಗಿಲಲ್ವಲ್ಲ," ಎಂದಳು.

ಅವನು ಹೇಳಿದ. ಎಡಕ್ಕೆ ತಿರುಗಿ, ನೀಲಿ ಗೇಟು, ಮೇಲಿನ ಬೆಲ್ ಒತ್ತಬೇಕು, ಕೀಲಿ ಮೀಟರ್ ಪೆಟ್ಟಿಗೆಯ ಹಿಂದೆ. ಒಂದನ್ನೂ ಬಿಡಲಿಲ್ಲ.

"ತುಂಬ ಉಪಕಾರ ಆಯ್ತು. ನಿಮ್ಮ ಹೆಸರೇನಜ್ಜಾ?" ಎಂದಳು ಹುಡುಗಿ, ಹೆಬ್ಬೆರಳು ಫೋನಿನ ಮೇಲಿಟ್ಟುಕೊಂಡೇ.

ಲಿಫ್ಟಪ್ಪ ಎರಡೂ ಕೈ ಅಡ್ಡ ಆಡಿಸಿದ. "ನನಗೆ ಹೆಸರಿಲ್ಲ ತಾಯಿ. ನನ್ನ ಬಗ್ಗೆ ಎಲ್ಲೂ ಏನೂ ಬರೀಬೇಡ. ಬರೆಯಲೇಬೇಕು ಅಂದ್ರೆ, ಒಬ್ಬ ಮುದುಕ ಸಿಕ್ಕಿದ್ದ, ಸಿಡುಕ, ಮುಖ ಕೊಟ್ಟು ಮಾತಾಡಲಿಲ್ಲ ಅಂತ ಬರಿ."

ಹುಡುಗಿ ನಕ್ಕಳು; ಹೂಂ ಎಂದಳೋ ಇಲ್ಲವೋ ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ. ಅವರು ಎಡಕ್ಕೆ ತಿರುಗುವವರೆಗೂ ಅವನು ನಿಂತೇ ಇದ್ದ. ಹೆಂಡತಿ ಅವನ ಅಂಗಿಯ ತುದಿ ಹಿಡಿದು ಬೆಂಚಿಗೆ ಎಳೆದಳು. ಮುಂದಿನ ದಿನಾಂಕಕ್ಕೆ ಇನ್ನೂ ಹದಿನೇಳು ದಿನವಿತ್ತು.